ಐದು ರಾಜರಿಗೆ ದುಡಿದ ವಿಲಿಯಂ ಮಾರ್ಷಲ್: ನಿಷ್ಠೆಯೋ, ಲೆಕ್ಕಾಚಾರವೋ?

ಕೋಟೆಕೊತ್ತಲ:
ಇಂಗ್ಲೆಂಡಿನ ಮಧ್ಯಯುಗ ಅಂದ ಕೂಡಲೇ ಸಿಂಹಹೃದಯಿ ರಿಚರ್ಡ್ ಹೆಸರು ಬರುತ್ತದೆ, ಇಲ್ಲವಾದರೆ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದ ಜಾನ್. ಇವರಿಬ್ಬರಿಗೂ, ಇವರ ಅಪ್ಪ ಎರಡನೇ ಹೆನ್ರಿಗೂ, ಅಣ್ಣ ಕಿರಿಯ ಹೆನ್ರಿಗೂ, ಕೊನೆಗೆ ಜಾನ್‌ನ ಮಗನಿಗೂ ದುಡಿದ ಒಬ್ಬ ಮನುಷ್ಯ ಇದ್ದ. ಅವನೇ ವಿಲಿಯಂ ಮಾರ್ಷಲ್.

ಹುಟ್ಟಿದ್ದು 1147ರ ಆಸುಪಾಸು. ಅಪ್ಪ ಜಾನ್ ಮಾರ್ಷಲ್ ಹೇಳಿಕೊಳ್ಳುವಂಥ ದೊಡ್ಡ ದೊರೆಯೇನಲ್ಲ. ಇವನು ನಾಲ್ಕನೇ ಮಗ. 1165ರಲ್ಲಿ ಅಪ್ಪ ಸತ್ತಾಗ ಇವನ ಪಾಲಿಗೆ ಜಮೀನು ಬರಲಿಲ್ಲ. ನಾರ್ಮಂಡಿಯಲ್ಲಿ ತಾಯಿ ಕಡೆಯ ನೆಂಟ ಟಾಂಕರ್‌ವಿಲ್ ದೊರೆಯ ಮನೆಯಲ್ಲಿದ್ದು ನೈಟ್ ಆದ. ಟೂರ್ನಮೆಂಟು ಅನ್ನೋ ಅಣಕು ಯುದ್ಧಗಳಲ್ಲಿ ಎದುರಾಳಿಗಳನ್ನು ಸೆರೆಹಿಡಿದು, ಅವರ ಕುದುರೆ ಮತ್ತು ಬಿಡುಗಡೆ ಹಣದಿಂದ ಬದುಕಿದ. 1189ರಲ್ಲಿ ಇಸಾಬೆಲ್ ಡಿ ಕ್ಲೇರ್‌ಳನ್ನು ಮದುವೆಯಾಗಿ ಒಂದೇ ಏಟಿಗೆ ಭಾರೀ ಜಮೀನ್ದಾರನಾದ. 1199ರಲ್ಲಿ ಪೆಂಬ್ರೋಕ್‌ನ ಅರ್ಲ್, ಅಂದರೆ ದೊಡ್ಡ ಸಾಮಂತ ಆದ. 1216ರಲ್ಲಿ ಜಾನ್ ಸತ್ತಾಗ ಲಂಡನ್ ಸೇರಿ ಹೆಚ್ಚುಕಡಿಮೆ ಅರ್ಧ ದೇಶ ಫ್ರೆಂಚ್ ರಾಜಕುಮಾರ ಲೂಯಿಯ ಕೈಯಲ್ಲಿತ್ತು. ಪಟ್ಟಕ್ಕೆ ಬಂದವನು ಜಾನ್‌ನ ಮಗ ಮೂರನೇ ಹೆನ್ರಿ, ಒಂಬತ್ತು ವರ್ಷದ ಹುಡುಗ. ಎಪ್ಪತ್ತರ ಹತ್ತಿರ ಇದ್ದ ಮಾರ್ಷಲ್ ಆ ಹುಡುಗನ ಪರವಾಗಿ ಆಡಳಿತ ಹೊತ್ತ. 1217ರ ಮೇ 20ರಂದು ಲಿಂಕನ್ ಊರಿನಲ್ಲಿ ಲೂಯಿಯ ಕಡೆಯವರ ಮೇಲೆ ತಾನೇ ಕುದುರೆ ಹತ್ತಿ ಹೋರಾಡಿ ಗೆದ್ದ.

ನನ್ನ ವಾದ ಇಷ್ಟೇ. ಆ ಕಾಲದ ದೊಡ್ಡವರಲ್ಲಿ ಕೊಟ್ಟ ಮಾತಿಗೆ ಒಮ್ಮೆಯೂ ತಪ್ಪದವನು ಇವನೊಬ್ಬ. ಬೇರೆ ಹೆಸರಿದ್ದರೆ ಹೇಳಿ.

ಖಾರಾಬಾತ್:
"ಒಮ್ಮೆಯೂ ತಪ್ಪದವನು". ಆಹಾ. 1173ರಲ್ಲಿ ಕಿರಿಯ ಹೆನ್ರಿ ಅಪ್ಪನ ಮೇಲೆ ದಂಗೆ ಎದ್ದಾಗ ಮಾರ್ಷಲ್ ಯಾವ ಕಡೆ ಇದ್ದ ಸಾರ್? ದಂಗೆಯ ಕಡೆ. 1205ರಲ್ಲಿ ನಾರ್ಮಂಡಿಯ ಲಾಂಗ್‌ವಿಲ್ ಜಮೀನು ಉಳಿಸಿಕೊಳ್ಳೋಕೆ ಫ್ರಾನ್ಸಿನ ಫಿಲಿಪ್ ಮುಂದೆ ಮಂಡಿಯೂರಿದವನು ಯಾರು? ಆಮೇಲೆ ಜಾನ್ ಯುದ್ಧಕ್ಕೆ ಕರೆದಾಗ "ಫಿಲಿಪ್‌ಗೂ ಮಾತು ಕೊಟ್ಟಿದ್ದೀನಿ, ಬರಲ್ಲ" ಅಂದವನು ಯಾರು?

1215ರಲ್ಲಿ ಮಾರ್ಷಲ್ ಜಾನ್ ರಾಜನ ಪಕ್ಕದಲ್ಲಿ, ಅವನ ಹಿರಿಮಗ ಕಿರಿಯ ವಿಲಿಯಂ ಮ್ಯಾಗ್ನಾ ಕಾರ್ಟಾ ಕಾಯೋಕೆ ನಿಂತ ಎದುರು ಪಾಳೆಯದ 25 ಬ್ಯಾರನ್‌ಗಳಲ್ಲಿ (ಸಾಮಂತರಲ್ಲಿ) ಒಬ್ಬ. ಯಾರೇ ಗೆದ್ದರೂ ಮನೆ ಉಳಿಯುತ್ತದೆ. ಎರಡು ದೋಣಿಯಲ್ಲಿ ಕಾಲು ಅಂತಾರೆ ಇದಕ್ಕೆ. ನಿಷ್ಠೆ ಅನ್ನಲ್ಲ.

ಕೋಟೆಕೊತ್ತಲ:
"ದಂಗೆಯ ಕಡೆ" ಅಂತ ಸುಮ್ನೆ ಒಂದು ಗೆರೆ ಎಳೆದುಬಿಟ್ಟಿರಿ. ಆಗ ಅವನ ದೊರೆ ಕಿರಿಯ ಹೆನ್ರಿ. 1170ರಲ್ಲಿ ಕಿರೀಟ ಇಟ್ಟುಕೊಂಡ ರಾಜನೇ. ಅವನ ಮನೆಯ ಅನ್ನ ತಿನ್ನುತ್ತಿದ್ದವನು ಅವನ ಅಪ್ಪನ ಕಡೆ ಹಾರಿದ್ದರೆ ಆಗ ದ್ರೋಹಿ ಅಂತ ನೀವೇ ಕರೀತಿದ್ರಿ. 1189ರಲ್ಲಿ ನೋಡಿ. ಎರಡನೇ ಹೆನ್ರಿ ಸಾಯೋ ಸ್ಥಿತಿಯಲ್ಲಿ ಲೆ ಮಾನ್ಸ್‌ನಿಂದ ಓಡುತ್ತಿದ್ದ. ಬೆನ್ನಟ್ಟಿ ಬಂದವನು ಅವನದೇ ಮಗ ರಿಚರ್ಡ್, ನಾಳೆಯ ರಾಜ. ಮಾರ್ಷಲ್ ತಿರುಗಿ ನಿಂತು ರಿಚರ್ಡ್‌ನ ಕುದುರೆಯನ್ನೇ ಈಟಿಯಿಂದ ಕೊಂದ. ಲೆಕ್ಕಾಚಾರದವನು ಹಾಗೆ ಮಾಡ್ತಾನಾ?

ಹಳೇಹಾಳೆ:
ಇಲ್ಲಿ ಎಲ್ಲರೂ ಒಂದು ವಿಷಯ ಮರೆತಿದ್ದೀರಿ. ಈ ಕಥೆಗಳಲ್ಲಿ ಮುಕ್ಕಾಲು ಪಾಲು ಒಂದೇ ಕಾವ್ಯದಿಂದ ಬಂದದ್ದು. ಹಳೇ ಫ್ರೆಂಚಿನಲ್ಲಿ 19,214 ಸಾಲು. ಬರೆಸಿದವನು ಯಾರು? ಮಾರ್ಷಲ್‌ನ ಹಿರಿಮಗ. ಮಾಹಿತಿ ಕೊಟ್ಟವನು ಮನೆಯ ಹಳೇ ಬಂಟ ಜಾನ್ ಆಫ್ ಅರ್ಲಿ. ಬರೆದದ್ದು 1220ರ ದಶಕದಲ್ಲಿ, ಅವನು ಸತ್ತ ಮೇಲೆ. 1861ರಲ್ಲಿ ಲಂಡನ್ನಿನ ಹರಾಜಿನಲ್ಲಿ ಪಾಲ್ ಮೇಯರ್ ಅನ್ನೋ ಫ್ರೆಂಚ್ ವಿದ್ವಾಂಸ ಈ ಹಸ್ತಪ್ರತಿಯನ್ನು ಕಣ್ಣಾರೆ ನೋಡಿದ. ಅದು ಬೇರೆಯವರ ಪಾಲಾಯಿತು. ಅವನಿಗೆ ಮತ್ತೆ ಸಿಕ್ಕಿದ್ದು 1881ರಲ್ಲಿ. ಅಲ್ಲಿಯವರೆಗೆ ಮಾರ್ಷಲ್ ಬಗ್ಗೆ ಜನಕ್ಕೆ ಗೊತ್ತಿದ್ದದ್ದು ಕಡಿಮೆ.

ಮನೆಯವರೇ ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಯನ್ನು ಇಟ್ಟುಕೊಂಡು "ಮಾತಿಗೆ ತಪ್ಪಲಿಲ್ಲ" ಅಂದರೆ ಹೇಗೆ? ಆ ಸುತ್ತಿಗೆ, ಅಡಿಗಲ್ಲಿನ ಮಾತನ್ನೂ ನಂಬ್ತೀರಾ ಹಾಗಾದರೆ?

ತುಂಗಾತೀರ:
ಸುತ್ತಿಗೆ, ಅಡಿಗಲ್ಲಿನ ಮಾತು ಅಂದರೆ ಏನು? ಗೊತ್ತಿಲ್ಲದವರಿಗೂ ಹೇಳಿ.

ಹಳೇಹಾಳೆ:
1152. ಇಂಗ್ಲೆಂಡಿನಲ್ಲಿ ಸ್ಟೀಫನ್ ರಾಜನಿಗೂ, ಪಟ್ಟ ತನ್ನದು ಅನ್ನುತ್ತಿದ್ದ ಮಟಿಲ್ಡಾಳಿಗೂ ಅಂತರ್ಯುದ್ಧ. ವಿಲಿಯಂನ ಅಪ್ಪ ಜಾನ್ ಮಾರ್ಷಲ್ ಮಟಿಲ್ಡಾಳ ಕಡೆ. ನ್ಯೂಬರಿಯಲ್ಲಿದ್ದ ಇವನ ಕೋಟೆಗೆ ಸ್ಟೀಫನ್ ಮುತ್ತಿಗೆ ಹಾಕಿದ. ಜಾನ್ ಸ್ವಲ್ಪ ದಿನದ ಕದನವಿರಾಮ ಕೇಳಿದ. ಅದಕ್ಕೆ ಒತ್ತೆಯಾಳಾಗಿ ಮಗ ವಿಲಿಯಂನನ್ನು ಕೊಟ್ಟ. ಹುಡುಗನಿಗೆ ಐದಾರು ವರ್ಷ. ಸಿಕ್ಕ ಸಮಯದಲ್ಲಿ ಕೋಟೆ ಬಿಟ್ಟುಕೊಡುವುದಿರಲಿ, ಒಳಕ್ಕೆ ಜನ, ದವಸ ತುಂಬಿಸಿಕೊಂಡ. ಮಗನನ್ನು ನೇಣು ಹಾಕ್ತೀವಿ ಅಂತ ಸ್ಟೀಫನ್ ಕಡೆಯವರು ಹೇಳಿಕಳಿಸಿದರೆ, ಇನ್ನೂ ಒಳ್ಳೆಯ ಮಕ್ಕಳನ್ನು ಮಾಡೋಕೆ ನನ್ನ ಹತ್ತಿರ ಸುತ್ತಿಗೆ, ಅಡಿಗಲ್ಲು ಎರಡೂ ಇವೆ ಅಂದನಂತೆ. ಕಾವ್ಯದ ಪ್ರಕಾರ ಅಷ್ಟೇ.

ತುಂಗಾತೀರ:
ಇದನ್ನು ಓದಿದ ಮೇಲೂ ಇಲ್ಲಿ ಯಾರು ಯಾವ ರಾಜನ ಕಡೆ ಇದ್ದ ಅಂತ ಜಗಳ ಆಡ್ತಿದ್ದೀರಲ್ಲ! ಐದು ವರ್ಷದ ಕೂಸನ್ನು ಅಡ ಇಟ್ಟು, ಮಾತಿಗೂ ತಪ್ಪಿ, ಇನ್ನೊಂದು ಹುಟ್ಟಿಸ್ತೀನಿ ಅಂದವನು ಅಪ್ಪನಾ? ಹೆತ್ತವಳು ಸಿಬಿಲ್ ಏನು ಅಂದಳು ಅಂತ ಆ 19 ಸಾವಿರ ಸಾಲಿನಲ್ಲಿ ಎಷ್ಟು ಸಾಲು ಇದೆ ಸಾರ್?

ಲೆಕ್ಕದಪುಸ್ತಕ:
ಮೇಡಂ, ಇವತ್ತಿನ ಕಣ್ಣಲ್ಲಿ ನೋಡಬೇಡಿ. ಒತ್ತೆಯಾಳು ಅನ್ನೋದು ಆ ಕಾಲದಲ್ಲಿ ಮಾಮೂಲು ಜಾಮೀನು. ಕರಾರು ಇದ್ದ ಕಡೆಯೆಲ್ಲ ಮಕ್ಕಳನ್ನು ಕೊಡುತ್ತಿದ್ದರು. ಹೆಚ್ಚಿನವರು ಮನೆಮಕ್ಕಳ ಹಾಗೇ ಇದ್ದು ವಾಪಸ್ ಬರುತ್ತಿದ್ದರು. ನೇಣು ಹಾಕ್ತೀನಿ ಅನ್ನೋದು ಬಾಯಿಮಾತು, ಹಾಕಿಸಿಕೋ ಅನ್ನೋದೂ ಬಾಯಿಮಾತು. ಜಾನ್‌ಗೆ ಸ್ಟೀಫನ್ ಎಂಥವನು ಅಂತ ಗೊತ್ತಿತ್ತು. ಮೃದು ಮನುಷ್ಯ. ಕೊಲ್ಲಲ್ಲ ಅಂತ ಲೆಕ್ಕ ಹಾಕಿದ. ಲೆಕ್ಕ ಸರಿಯಾಯಿತು. ಹುಡುಗ ಬದುಕಿದ.

ಖಾರಾಬಾತ್:
"ಮೃದು ಮನುಷ್ಯ"? 1138ರಲ್ಲಿ ಶ್ರೂಸ್‌ಬರಿ ಕೋಟೆ ಬಿದ್ದಾಗ ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಜನರನ್ನು ಇದೇ ಸ್ಟೀಫನ್ ನೇಣಿಗೆ ಹಾಕಿಸಿದ ಅಂತ ಆರ್ಡೆರಿಕ್ ವಿಟಾಲಿಸ್ ಬರೆದಿದ್ದಾನೆ. ಅವನು ಅದೇ ಕಾಲದ ಸನ್ಯಾಸಿ. ಮಾರ್ಷಲ್ ಮನೆಯ ಸಂಬಳದವನಲ್ಲ.

ಲೆಕ್ಕದಪುಸ್ತಕ:
ಕೋಟೆ ಕಾವಲಿನ ಸೈನಿಕರು ಬೇರೆ, ದೊರೆಮಕ್ಕಳು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತುಂಗಾತೀರ:
ಬೇರೆ ಅಂತ ಆ ಮಗುವಿಗೆ ಗೊತ್ತಿತ್ತಾ?

ಮಾತಿನಮಲ್ಲ:
ಪಾಪ್‌ಕಾರ್ನ್ ತಗೊಂಡು ಕೂತಿದ್ದೀನಿ. ಮುಂದುವರಿಸಿ.

ಹಳೇಹಾಳೆ:
ನಾನು ಹೇಳಿದ್ದೇ ಬೇರೆ, ಹೊರಟದ್ದೇ ಬೇರೆ. ಆ ಮಾತು ಆಡಿದ್ದಕ್ಕೆ ಬೇರೆ ಒಂದೇ ಒಂದು ಸಾಕ್ಷಿ ಇಲ್ಲ. ಎಪ್ಪತ್ತು ವರ್ಷ ಆದ ಮೇಲೆ ಬರೆದ ಕಥೆ. ಮುಂದೆ ಏನಾಗುತ್ತದೆ ನೋಡಿ. ನೇಣುಗಂಬದ ಕಡೆ ಕರೆದುಕೊಂಡು ಹೋಗುವಾಗ ಹುಡುಗ ಅರುಂಡೆಲ್ ಅರ್ಲ್‌ನ ಕೈಯಲ್ಲಿದ್ದ ಈಟಿ ಆಟಕ್ಕೆ ಕೊಡು ಅಂತ ಕೇಳುತ್ತಾನೆ. ರಾಜನ ಮನಸ್ಸು ಕರಗುತ್ತದೆ. ಆಮೇಲೆ ಕಲ್ಲೆಸೆಯುವ ಯಂತ್ರದಲ್ಲಿ ಇಟ್ಟು ಕೋಟೆ ಮೇಲೆ ಎಸೆಯೋಣ ಅಂತಾರೆ, ಅದೂ ಆಗಲ್ಲ. ಕೊನೆಗೆ ರಾಜನ ಡೇರೆಯಲ್ಲಿ ಗಿಡದ ಕಡ್ಡಿಗಳನ್ನು ನೈಟ್ ಅಂತ ಮಾಡಿಕೊಂಡು ರಾಜನ ಜೊತೆಗೇ ಆಟ ಆಡುತ್ತಾನೆ, ಗೆಲ್ಲುತ್ತಾನೆ. ನಾಯಕನ ಬಾಲ್ಯ ಹೀಗೇ ಇರಬೇಕು ಅಂತ ಕಟ್ಟಿದ ಕಥೆ ಅನ್ನೋದು ಎದ್ದು ಕಾಣಲ್ವಾ? ಮಾರ್ಷಲ್ ವಯಸ್ಸಾದ ಮೇಲೆ ಊಟದ ಹೊತ್ತಲ್ಲಿ ಹೇಳಿ ಹೇಳಿ ಉಜ್ಜಿದ ಕಥೆ ಇದು.

ತುಂಗಾತೀರ:
ಹಾಗಾದರೆ ಇನ್ನೂ ಕೆಟ್ಟದ್ದು. ನೀವೇ ಹೇಳಿದಿರಿ, ಬರೆಸಿದವನು ಮಗ, ಹೇಳಿದವನು ಮಾರ್ಷಲ್. ಸ್ವಂತ ಅಜ್ಜನ ಬಾಯಲ್ಲಿ ಇಂಥ ಮಾತು ಇಟ್ಟು ಹೆಮ್ಮೆಯಿಂದ ಬರೆಸುತ್ತಾರಲ್ಲ, ಆ ಮನೆಯ ಮನಸ್ಸು ಎಂಥದ್ದು?

ಲೆಕ್ಕದಪುಸ್ತಕ:
ಹೆಮ್ಮೆ ಯಾಕಿರಬಾರದು? ಆ ಅಪ್ಪ 1141ರಲ್ಲಿ ವರ್‌ವೆಲ್ ಮಠದ ಗೋಪುರದಲ್ಲಿ ಸಿಕ್ಕಿಬಿದ್ದಿದ್ದ. ಶತ್ರುಗಳು ಬೆಂಕಿ ಹಚ್ಚಿದರು. ಛಾವಣಿಯ ಸೀಸ ಕರಗಿ ಮುಖದ ಮೇಲೆ ಸುರಿದು ಒಂದು ಕಣ್ಣು ಹೋಯಿತು. ಆದರೂ ಶರಣಾಗಲಿಲ್ಲ. ಶರಣಾಗೋಣ ಅಂದ ಜೊತೆಗಾರನಿಗೆ, ಆ ಮಾತು ಇನ್ನೊಮ್ಮೆ ಎತ್ತಿದರೆ ನಾನೇ ಕೊಲ್ತೀನಿ ಅಂದ. ತನ್ನ ಮೈಗೂ ಅದೇ ನಿಯಮ, ಮಗನಿಗೂ ಅದೇ ನಿಯಮ.

ತುಂಗಾತೀರ:
ತನ್ನ ಕಣ್ಣು ಕಳೆದುಕೊಳ್ಳೋದು ಅವನಿಷ್ಟ. ಮಗನ ಕುತ್ತಿಗೆ ಅವನದಲ್ಲ.

ಇನ್ನೊಂದು ವಿಷಯ. ಜಾನ್‌ಗೆ ಮೊದಲ ಹೆಂಡತಿ ಅಡೆಲಿನಾ ಇದ್ದಳು, ಇಬ್ಬರು ಗಂಡುಮಕ್ಕಳೂ ಇದ್ದರು. ಸಾಲಿಸ್‌ಬರಿ ಪ್ಯಾಟ್ರಿಕ್ ಜೊತೆ ಜಗಳ ಮುಗಿಸೋಕೆ ಅವಳನ್ನು ಬಿಟ್ಟು ಪ್ಯಾಟ್ರಿಕ್‌ನ ತಂಗಿ ಸಿಬಿಲ್‌ಳನ್ನು ಮದುವೆಯಾದ. ಹೆಂಡತಿಯನ್ನು ರಾಜಿಗೆ, ಮಗನನ್ನು ಜಾಮೀನಿಗೆ. ಬೇಕಾದಾಗ ತೆಗೆದಿಡುವ ಸಾಮಾನು ಇವನಿಗೆ ಮನೆಯವರು. ಅದನ್ನು ನಿಯಮ ಅಂತ ಕರೀತೀರಿ.

ಕೋಟೆಕೊತ್ತಲ:
ಸ್ನೇಹಿತರೇ, ನಾನು ಕೇಳಿದ್ದು ಮಗನ ಬಗ್ಗೆ, ಅಪ್ಪನ ಬಗ್ಗೆ ಅಲ್ಲ. ಲಿಂಕನ್ ಯುದ್ಧದ ಬಗ್ಗೆ ಯಾರಿಗಾದರೂ...

ಖಾರಾಬಾತ್:
ಮಗನ ಬಗ್ಗೆಯೇ ಹೇಳ್ತೀನಿ. 1205ರ ಜಗಳದ ನಂತರ ಮಾರ್ಷಲ್ ತನ್ನ ಹಿರಿಮಗನನ್ನು ಜಾನ್ ರಾಜನಿಗೆ ಒತ್ತೆ ಕೊಟ್ಟ. 1207ರಲ್ಲಿ ಐರ್ಲೆಂಡಿಗೆ ಹೊರಟಾಗ ಎರಡನೇ ಮಗ ರಿಚರ್ಡ್‌ನನ್ನೂ ಕೊಟ್ಟ. ತಾಯಿ ಇಸಾಬೆಲ್‌ಗೆ ಅದು ಇಷ್ಟ ಇರಲಿಲ್ಲ. ಅವಳಿಗೆ ಜಾನ್ ಮೇಲೆ ನಂಬಿಕೆ ಇರಲಿಲ್ಲ. ಕೊಟ್ಟ. ನೇಣುಗಂಬದ ಹತ್ತಿರ ಹೋಗಿ ಬಂದ ಹುಡುಗನೇ ಬೆಳೆದು ತನ್ನ ಇಬ್ಬರು ಮಕ್ಕಳನ್ನು ಹಾಗೇ ಕೊಟ್ಟ. ಕೊತ್ತಲ ಅವರೇ, ನಿಮ್ಮ ನಾಯಕ.

ಕೋಟೆಕೊತ್ತಲ:
ಕೊಟ್ಟ, ಆದರೆ ಮಾತಿಗೆ ತಪ್ಪಲಿಲ್ಲ! ಅಪ್ಪನಿಗೂ ಇವನಿಗೂ ಇರುವ ವ್ಯತ್ಯಾಸವೇ ಅದು. ಇವನು ಐರ್ಲೆಂಡಿನಲ್ಲಿ ಜಾನ್‌ನ ಅಧಿಕಾರಿಗಳ ಜೊತೆ ಹೊಡೆದಾಡಿದರೂ ರಾಜನ ಮೇಲೆ ಕತ್ತಿ ಎತ್ತಲಿಲ್ಲ. ಮಕ್ಕಳಿಬ್ಬರೂ 1212ರ ಹೊತ್ತಿಗೆ ಬಿಡುಗಡೆ ಆದರು. ನಾನು ಹೇಳಿದ್ದನ್ನೇ ನೀವು ಸಾಬೀತು ಮಾಡಿದಿರಿ. ಥ್ಯಾಂಕ್ಸ್.

ಲೆಕ್ಕದಪುಸ್ತಕ:
ನಾನೂ ಅದನ್ನೇ ಹೇಳಿದ್ದು. ಒತ್ತೆಯಾಳುಗಳು ವಾಪಸ್ ಬರ್ತಾರೆ.

ಖಾರಾಬಾತ್:
"ವಾಪಸ್ ಬರ್ತಾರೆ". ಅದೇ 1212, ಅದೇ ಜಾನ್. ವೇಲ್ಸ್‌ನವರು ದಂಗೆ ಎದ್ದರು ಅಂತ ನಾಟಿಂಗ್‌ಹ್ಯಾಮ್‌ನಲ್ಲಿ 28 ಒತ್ತೆಯಾಳುಗಳನ್ನು ಊಟಕ್ಕೆ ಕೂರುವ ಮೊದಲು ನೇಣು ಹಾಕಿಸಿದ. ದೊಡ್ಡ ಮನೆತನಗಳ ಮಕ್ಕಳು. "ದೊರೆಮಕ್ಕಳು ಬೇರೆ" ಅಂದಿರಲ್ಲ, ತಗೊಳ್ಳಿ.

ಲೆಕ್ಕದಪುಸ್ತಕ:
ಆ 28 ಎಲ್ಲಿಂದ ಬಂತು? ರೋಜರ್ ಆಫ್ ವೆಂಡೋವರ್. ಜಾನ್‌ನ ಹೆಸರು ಕೇಳಿದರೆ ಉರಿದುಬೀಳುತ್ತಿದ್ದ ಸನ್ಯಾಸಿ. ಬರೆದದ್ದು ಜಾನ್ ಸತ್ತ ಮೇಲೆ. ಮಾರ್ಷಲ್ ಕಾವ್ಯ ಮನೆಯವರದ್ದು ಅಂತ ಬೇಡ ಅಂತೀರಿ, ವೆಂಡೋವರ್ ಶತ್ರು ಆದರೂ ಬೇಕು ಅಂತೀರಿ. ನಿಮಗೆ ಬೇಕಾದ್ದು ಸಾಕ್ಷಿ, ಬೇಡದ್ದು ಹೊಗಳಿಕೆ. ಚೆನ್ನಾಗಿದೆ.

ಹಳೇಹಾಳೆ:
ಬೇಡ ಅಂದದ್ದು ನಾನು, ಖಾರಾಬಾತ್ ಅಲ್ಲ. ಸರಿಯಾಗಿ ಓದಿ ಉತ್ತರ ಕೊಡಿ.

ಲೆಕ್ಕದಪುಸ್ತಕ:
ಇಬ್ಬರೂ ಒಂದೇ ಕಡೆ ತಾನೇ.

ಹಳೇಹಾಳೆ:
ಅಲ್ಲ!! ನನಗೆ ಯಾವ ಕಡೆಯೂ ಇಲ್ಲ. ಮೂರು ಸಲ ಹೇಳಿಯಾಯಿತು.

ತುಂಗಾತೀರ:
28 ಬೇಡ, ಬಿಡಿ. ಮಾರ್ಷಲ್‌ನ ಸ್ವಂತ ಬಂಟ ಜೆಫ್ರಿ ಫಿಟ್ಸ್‌ರಾಬರ್ಟ್? 1210ರಲ್ಲಿ ಜಾನ್ ಐರ್ಲೆಂಡಿಗೆ ಬಂದಾಗ ಮಾರ್ಷಲ್ ಮೇಲಿನ ಸಿಟ್ಟಿಗೆ ಅವನ ಹತ್ತಿರದವರನ್ನು ಒತ್ತೆ ಕೇಳಿದ. ಜಾನ್ ಆಫ್ ಅರ್ಲಿ ಹೋದ, ಜೆಫ್ರಿ ಹೋದ. ಅರ್ಲಿ ಬದುಕಿ ಬಂದ. ಜೆಫ್ರಿ ಹೆರೆಫರ್ಡ್‌ನಲ್ಲಿ ಸೆರೆಯಲ್ಲೇ ಸತ್ತ. ಇದು ನಿಮ್ಮ ಮನೆಯ ಕಾವ್ಯದಲ್ಲೇ ಇದೆ. ಜಾಮೀನಂತೆ, ಕರಾರಂತೆ.

ಮಕ್ಕಳನ್ನು ಕೊಡಲ್ಲ ಅಂದ ತಾಯಿಯೂ ಒಬ್ಬಳಿದ್ದಳು, ಗೊತ್ತಾ? ಮಟಿಲ್ಡಾ ಡಿ ಬ್ರಿಯೋಸ್. 1208ರಲ್ಲಿ ಜಾನ್‌ನ ಆಳುಗಳು ಮಕ್ಕಳನ್ನು ಕೇಳಿ ಬಂದಾಗ, ಸ್ವಂತ ಅಣ್ಣನ ಮಗ ಆರ್ಥರ್‌ನನ್ನು ಕೊಂದವನಿಗೆ ನನ್ನ ಮಕ್ಕಳನ್ನು ಕೊಡಲ್ಲ ಅಂದಳು.

ಲೆಕ್ಕದಪುಸ್ತಕ:
ಅಂದಳು. ಆಮೇಲೆ ಏನಾಯಿತು ಅನ್ನೋದನ್ನೂ ಹೇಳಿ ಮೇಡಂ. 1210ರಲ್ಲಿ ಅವಳೂ ಅವಳ ಹಿರಿಮಗನೂ ಜಾನ್‌ನ ಸೆರೆಯಲ್ಲಿ ಅನ್ನ ಇಲ್ಲದೆ ಸತ್ತರು. ಗಂಡ ವೇಷ ಮರೆಸಿಕೊಂಡು ಫ್ರಾನ್ಸಿಗೆ ಓಡಿದ, ಮರುವರ್ಷ ಅಲ್ಲೇ ಸತ್ತ. ಆಸ್ತಿ ಮುಟ್ಟುಗೋಲು. ಕೊಟ್ಟ ಮಾರ್ಷಲ್‌ನ ಇಬ್ಬರೂ ಮಕ್ಕಳು ಬದುಕಿದರು. ಯಾವುದು ಒಳ್ಳೆಯ ಅಪ್ಪನ ಕೆಲಸ?

ತುಂಗಾತೀರ:
ಉಪವಾಸ ಸಾಯಿಸಿದವನ ತಪ್ಪನ್ನು ಕೊಡಲ್ಲ ಅಂದ ತಾಯಿಯ ಲೆಕ್ಕಕ್ಕೆ ಬರೆದುಬಿಟ್ಟಿರಿ. ನಿಮ್ಮ ಹೆಸರು ನಿಮಗೆ ಸರಿಯಾಗೇ ಇದೆ. ಇನ್ನು ನಿಮ್ಮ ಜೊತೆ ಮಾತಿಲ್ಲ.

ಮಾತಿನಮಲ್ಲ:
ಮಾತಿಲ್ಲ ಅಂದವರು ಇನ್ನೂ ಐದು ಕಾಮೆಂಟ್ ಹಾಕ್ತಾರೆ. ಬೆಟ್?

ಕೋಟೆಕೊತ್ತಲ:
ಅದೇ ಬ್ರಿಯೋಸ್ ಮನೆಯವರು ಐರ್ಲೆಂಡಿಗೆ ಓಡಿಬಂದಾಗ ಆಸರೆ ಕೊಟ್ಟವನು ಯಾರು? ಮಾರ್ಷಲ್! ರಾಜನ ಶತ್ರುಗಳು ಅಂತ ಗೊತ್ತಿದ್ದೂ ಇಟ್ಟುಕೊಂಡ. ಅದಕ್ಕೇ 1210ರಲ್ಲಿ ಜಾನ್ ಅವನ ಮೇಲೆ ಹರಿಹಾಯ್ದದ್ದು. ಮುಂದೆ ತನ್ನ ಮಗಳು ಈವಾಳನ್ನು ಅದೇ ಮಟಿಲ್ಡಾಳ ಮೊಮ್ಮಗನಿಗೆ ಕೊಟ್ಟು ಮದುವೆ ಆಯಿತು. ಮನುಷ್ಯತ್ವ ಇಲ್ಲದ ಮನೆ ಅಂತೀರಲ್ಲ.

ಖಾರಾಬಾತ್:
ಆ ಮೊಮ್ಮಗನನ್ನು 1230ರಲ್ಲಿ ವೇಲ್ಸ್‌ನ ಲೆವೆಲಿನ್ ನೇಣಿಗೆ ಹಾಕಿಸಿದ. ಲೆವೆಲಿನ್ ಹೆಂಡತಿಯ ಜೊತೆ ಅವಳ ಕೋಣೆಯಲ್ಲೇ ಸಿಕ್ಕಿಬಿದ್ದಿದ್ದ. ಒಳ್ಳೆ ಸಂಬಂಧ ಹುಡುಕಿದ್ದಾರೆ.

ತುಂಗಾತೀರ:
ಈ ಥ್ರೆಡ್‌ನಲ್ಲಿ ಇರುವ ಗಂಡಸರಿಗೆಲ್ಲ ಒಂದು ಪ್ರಶ್ನೆ. 1139. ನ್ಯೂಬರಿಯಿಂದ ದೂರ ಏನಿಲ್ಲ, ಡಿವೈಸಸ್ ಕೋಟೆ. ಇದೇ ಸ್ಟೀಫನ್ ಸಾಲಿಸ್‌ಬರಿ ಬಿಷಪ್ ರೋಜರ್‌ನ ಮಗನನ್ನು ಕೋಟೆ ಬಾಗಿಲಲ್ಲಿ ನೇಣುಗಂಬದ ಕೆಳಗೆ ನಿಲ್ಲಿಸಿದ. ಒಳಗಿದ್ದವಳು ಹುಡುಗನ ತಾಯಿ, ರಾಮ್ಸ್‌ಬರಿಯ ಮಟಿಲ್ಡಾ. ಅವಳು ಕೋಟೆ ಬಿಟ್ಟುಕೊಟ್ಟಳು. ಮಗ ಉಳಿದ. ಅವಳೂ ಅದೇ ಕಾಲದವಳೇ. ಅವಳಿಗೆ ಸುತ್ತಿಗೆಯ ನೆನಪಾಗಲಿಲ್ಲ. "ಆ ಕಾಲ ಹಾಗಿತ್ತು" ಅನ್ನುವವರು ಇದಕ್ಕೆ ಉತ್ತರ ಕೊಡಿ.

ಲೆಕ್ಕದಪುಸ್ತಕ:
ಉತ್ತರ ಇಲ್ಲೇ ಇದೆ. ಆ ಹುಡುಗ ಹುಡುಗನೇ ಅಲ್ಲ. ರೋಜರ್ ಲೆ ಪೋರ್. ರಾಜನ ಚಾನ್ಸಲರ್ ಆಗಿದ್ದ ದೊಡ್ಡ ಗಂಡಸು. ಸ್ಟೀಫನ್‌ಗೆ ಈ ನೇಣಿನ ಆಟ ಅಭ್ಯಾಸ ಅಂತ ಜಾನ್ ಮಾರ್ಷಲ್‌ಗೆ ಚೆನ್ನಾಗಿ ಗೊತ್ತಿತ್ತು. ಡಿವೈಸಸ್ ಅವನ ನೆರೆಯಲ್ಲೇ ಇತ್ತು. ಹೆದರಿಸಿ ಕೋಟೆ ಕಿತ್ತುಕೊಳ್ಳುವ ಉಪಾಯ ಒಮ್ಮೆ ಫಲಿಸಿತು, ಎರಡನೇ ಸಲ ನನ್ನ ಹತ್ತಿರ ನಡೆಯಲ್ಲ ಅಂದ. ನೀವು ಕೊಟ್ಟ ಉದಾಹರಣೆ ನನ್ನ ಕಡೆಗೇ ಬರುತ್ತದೆ.

ತುಂಗಾತೀರ:
ದೊಡ್ಡ ಗಂಡಸಾದರೆ ತಾಯಿಗೆ ಮಗ ಅಲ್ವಾ?

ಲೆಕ್ಕದಪುಸ್ತಕ:
ಮಾತಿಲ್ಲ ಅಂದಿದ್ರಿ.

ಹಳೇಹಾಳೆ:
ಡಿವೈಸಸ್ ಘಟನೆಗೆ ಸಮಕಾಲೀನ ಬರಹ ಇದೆ. ನ್ಯೂಬರಿಯ ನೇಣುಗಂಬಕ್ಕೆ ಇಲ್ಲ. ನನಗೆ ಅನಿಸೋದು, ಕವಿ ಡಿವೈಸಸ್ ಕಥೆಯ ಅಚ್ಚಿನಲ್ಲೇ ನ್ಯೂಬರಿ ಕಥೆ ಎರಕ ಹೊಯ್ದಿರಬಹುದು.

ಕೋಟೆಕೊತ್ತಲ:
ಅದಕ್ಕೆ ಸಾಕ್ಷಿ?

ಹಳೇಹಾಳೆ:
"ಅನಿಸೋದು" ಅಂದೆ.

ಕೋಟೆಕೊತ್ತಲ:
ನಮಗೆ ಅನಿಸಿದರೆ ಹೊಗಳಿಕೆ, ನಿಮಗೆ ಅನಿಸಿದರೆ ಸಂಶೋಧನೆ. ಸರಿ. ಈಗಲಾದರೂ ಲಿಂಕನ್‌ಗೆ ಬರೋಣ. ವಯಸ್ಸಾದ ಸೇನಾಪತಿ, ಹೊರಡುವ ಆತುರದಲ್ಲಿ ಶಿರಸ್ತ್ರಾಣ ಹಾಕೋದೇ ಮರೆತು, ನೆನಪಿಸಿದ ಮೇಲೆ ಹಾಕಿಕೊಂಡು ಮುಂದೆ ನುಗ್ಗುತ್ತಾನೆ. ಕೋಟೆಯನ್ನು ಕಾದಿದ್ದವಳು ನಿಕೋಲಾ ಡಿ ಲಾ ಹೇ ಅನ್ನೋ ಹೆಣ್ಣುಮಗಳು, ಅವಳಿಗೂ ಆಗ ವಯಸ್ಸಾಗಿತ್ತು. ಫ್ರೆಂಚ್ ಕಡೆಯ ನಾಯಕ ಪೆರ್ಶ್‌ನ ಕೌಂಟ್ ಸತ್ತ. ಸೆಪ್ಟೆಂಬರ್ ಹೊತ್ತಿಗೆ ಲೂಯಿ ಸಂಧಿ ಮಾಡಿಕೊಂಡು ವಾಪಸ್ ಹೋದ. ಇಷ್ಟರ ಮಧ್ಯೆ 1216ರಲ್ಲೂ 1217ರಲ್ಲೂ ಮ್ಯಾಗ್ನಾ ಕಾರ್ಟಾವನ್ನು ತನ್ನ ಮುದ್ರೆ ಒತ್ತಿ ಮತ್ತೆ ಹೊರಡಿಸಿದ. ಜಾನ್ ಅದನ್ನು ಪೋಪ್ ಕೈಯಲ್ಲಿ ರದ್ದು ಮಾಡಿಸಿದ್ದ. ಮಾರ್ಷಲ್ ಇಲ್ಲದಿದ್ದರೆ ಇವತ್ತು ಆ ಕಾಗದದ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಖಾರಾಬಾತ್:
ಗೆದ್ದ ಮೇಲೆ ಲಿಂಕನ್ ಊರನ್ನು ಏನು ಮಾಡಿದರು ಅಂತ ಹೇಳಲಿಲ್ಲ. ಚರ್ಚು ಸೇರಿ ಇಡೀ ಊರು ಲೂಟಿ. "ಲಿಂಕನ್ ಜಾತ್ರೆ" ಅಂತ ಲೇವಡಿ ಮಾಡಿ ಹೆಸರಿಟ್ಟರು ಗೆದ್ದವರು. ಮಾನ ಉಳಿಸಿಕೊಳ್ಳೋಕೆ ಮಕ್ಕಳನ್ನು ಕಟ್ಟಿಕೊಂಡು ಸಣ್ಣ ದೋಣಿ ಹತ್ತಿದ ಹೆಂಗಸರು ನದಿಯಲ್ಲಿ ಮುಳುಗಿ ಸತ್ತರು. ವೆಂಡೋವರ್ ಬರೆದದ್ದು. ಅವನಿಗೆ ಲೂಯಿ ಮೇಲೂ ಪ್ರೀತಿ ಇರಲಿಲ್ಲ, ಆದ್ದರಿಂದ ಶತ್ರುವಿನ ಮಾತು ಅಂತ ಶುರು ಮಾಡಬೇಡಿ.

ಲೆಕ್ಕದಪುಸ್ತಕ:
ಮತ್ತೆ ವೆಂಡೋವರ್! 

ಮಾತಿನಮಲ್ಲ:
ಯಾರೂ ಶಾಪದ ವಿಷಯ ಎತ್ತಲೇ ಇಲ್ಲ. ಐರ್ಲೆಂಡಿನ ಫರ್ನ್ಸ್ ಬಿಷಪ್‌ನ ಎರಡು ಜಮೀನು ಮಾರ್ಷಲ್ ಹೊಡೆದುಕೊಂಡಿದ್ದ. ಬಿಷಪ್ ಅವನಿಗೆ ಚರ್ಚಿನಿಂದ ಬಹಿಷ್ಕಾರ ಹಾಕಿದ. ಮಾರ್ಷಲ್ 1219ರ ಮೇ 14ರಂದು ಕೇವರ್ಶಮ್‌ನಲ್ಲಿ ಸತ್ತ. ಕೊನೆ ಗಳಿಗೆಯಲ್ಲಿ ಟೆಂಪ್ಲರ್ ಅನ್ನೋ ಯೋಧ ಸನ್ಯಾಸಿಗಳ ದೀಕ್ಷೆ ತಗೊಂಡು ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಮಣ್ಣಾದ. ಬಿಷಪ್ ಸಮಾಧಿವರೆಗೂ ಬಂದು, ಮಕ್ಕಳು ಜಮೀನು ವಾಪಸ್ ಕೊಟ್ಟರೆ ಬಹಿಷ್ಕಾರ ತೆಗೀತೀನಿ ಅಂದ. ಹಿರಿಮಗ ಕೊಡಲ್ಲ ಅಂದ. ನಿಮ್ಮ ವಂಶ ಒಂದೇ ತಲೆಮಾರಿಗೆ ನಿಂತುಹೋಗಲಿ ಅಂದ ಬಿಷಪ್.

ಈಗ ಲೆಕ್ಕ ನೋಡಿ. ಐದು ಗಂಡುಮಕ್ಕಳು. ವಿಲಿಯಂ 1231ರಲ್ಲಿ ಸತ್ತ. ರಿಚರ್ಡ್ 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತ. ಗಿಲ್ಬರ್ಟ್ 1241ರಲ್ಲಿ ಟೂರ್ನಮೆಂಟಿನಲ್ಲಿ ಕುದುರೆಯಿಂದ ಬಿದ್ದು ಸತ್ತ. ವಾಲ್ಟರ್ 1245ರ ನವೆಂಬರ್. ಆನ್ಸೆಲ್ಮ್ ಅದೇ ಡಿಸೆಂಬರ್. ಒಬ್ಬನಿಗೂ ಹಕ್ಕುದಾರ ಮಗ ಇಲ್ಲ. ನಂಬ್ತೀರೋ ಬಿಡ್ತೀರೋ. (ನಮ್ಮ ಕಡೆಯ ರಾಜಮನೆತನದ ಶಾಪ ಇಲ್ಲಿ ಎಳೆದು ತರೋರಿಗೆ ಮೊದಲೇ ಕೈಮುಗಿದೆ.)

ಹಳೇಹಾಳೆ:
ಶಾಪದ ಕಥೆ ಬರೆದವನು ಮ್ಯಾಥ್ಯೂ ಪ್ಯಾರಿಸ್ ಅನ್ನೋ ಸನ್ಯಾಸಿ, ಚರಿತ್ರೆ ಬರೆಯುತ್ತಿದ್ದವನು. ಬರೆದದ್ದು ಐವರೂ ಸತ್ತು ಮುಗಿದ ಮೇಲೆ. ಪರೀಕ್ಷೆ ಮುಗಿದ ಮೇಲೆ ಉತ್ತರ ಬರೆದ ಹಾಗೆ.

ತುಂಗಾತೀರ:
"ವಂಶ ನಿಂತುಹೋಯಿತು" ಅಂತೀರಲ್ಲ, ಐದು ಹೆಣ್ಣುಮಕ್ಕಳು ಏನು ಗೋಡೆ ಮೇಲಿನ ಚಿತ್ರವಾ? ಮಟಿಲ್ಡಾ, ಇಸಾಬೆಲ್, ಸಿಬಿಲ್, ಈವಾ, ಜೋನ್. ಐವರಿಗೂ ಮಕ್ಕಳಾದವು. ಇಸಾಬೆಲ್‌ಳ ವಂಶದಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ಹುಟ್ಟಿದ್ದು. ಅಷ್ಟಕ್ಕೂ ಆ ಆಸ್ತಿ ಬಂದದ್ದೇ ಹೆಣ್ಣಿನಿಂದ. ಐರ್ಲೆಂಡಿನ ಲೆನ್‌ಸ್ಟರ್ ಪ್ರಾಂತ್ಯ ಯಾರದ್ದು? ಹೆಂಡತಿ ಇಸಾಬೆಲ್‌ಳ ತಾಯಿ ಈಫಾ, ಐರಿಷ್ ರಾಜ ಡರ್ಮಾಟ್ ಮಕ್‌ಮರೋನ ಮಗಳು. 1207ರಲ್ಲಿ ಮಾರ್ಷಲ್ ಐರ್ಲೆಂಡ್ ಬಿಟ್ಟು ಹೊರಟಾಗ ಕಿಲ್ಕೆನ್ನಿಯಲ್ಲಿ ಬ್ಯಾರನ್‌ಗಳ ಮುಂದೆ ಬಸುರಿ ಹೆಂಡತಿಯನ್ನು ನಿಲ್ಲಿಸಿ, ಇವಳು ನಿಮ್ಮ ಒಡತಿ, ನನಗೆ ಇಲ್ಲಿ ಇರೋದೆಲ್ಲ ಇವಳಿಂದ ಬಂದದ್ದು ಅಂತ ಅವನೇ ಹೇಳಿದ. ಮುಂದಿನ ಗಲಾಟೆಯಲ್ಲಿ ಕೋಟೆ ಕಾದವಳೂ ಅವಳೇ.

ಖಾರಾಬಾತ್:
ಹದಿನೇಳರ ಹುಡುಗಿ, ನಲವತ್ತು ದಾಟಿದ ಗಂಡ. ಲಂಡನ್ ಟವರಿನಲ್ಲಿ ರಾಜನ ಕಾವಲಿನಲ್ಲಿ ಇದ್ದವಳನ್ನು ಬಹುಮಾನವಾಗಿ ಕೊಟ್ಟರು. ಅದನ್ನು ಯಾರೂ ಕೇಳಲ್ಲ.

ತುಂಗಾತೀರ:
ನಾನು ಕೇಳೇ ಕೇಳ್ತೀನಿ. ಅದು ಬೇರೆ ವಿಷಯ. ನೀವು ಮಧ್ಯೆ ಬರಬೇಡಿ.

ಲೆಕ್ಕದಪುಸ್ತಕ:
ಹೆಣ್ಣುಮಕ್ಕಳ ಪಾಲಿನ ಲೆಕ್ಕ ನಾನು ಹೇಳ್ತೀನಿ, ಇದರಲ್ಲಾದರೂ ಜಗಳ ಬೇಡ. 1247ರಲ್ಲಿ ಲೆನ್‌ಸ್ಟರ್ ಐದು ಭಾಗ ಆಯಿತು. ಮಟಿಲ್ಡಾಗೆ ಕಾರ್ಲೋ, ಜೊತೆಗೆ ಮಾರ್ಷಲ್ ಅನ್ನೋ ಆಸ್ಥಾನದ ಪದವಿಯೂ ಅವಳ ಕಡೆಗೇ ಹೋಗಿ ಬೈಗಾಡ್ ಮನೆ ಸೇರಿತು. ಇಸಾಬೆಲ್ ಕಡೆಗೆ ಕಿಲ್ಕೆನ್ನಿ. ಸಿಬಿಲ್ ಕಡೆಗೆ ಕಿಲ್ಡೇರ್. ಈವಾ ಕಡೆಗೆ ಡುನಮೇಸ್. ಜೋನ್ ಕಡೆಗೆ ವೆಕ್ಸ್‌ಫರ್ಡ್. ಪೆಂಬ್ರೋಕ್ ಜೋನ್‌ಳ ಮಗಳ ಗಂಡ ವಿಲಿಯಂ ಡಿ ವಾಲೆನ್ಸ್‌ಗೆ ಹೋಯಿತು. ಅವನು ಮೂರನೇ ಹೆನ್ರಿಯ ಮಲಸಹೋದರ, ಫ್ರಾನ್ಸಿನಿಂದ ಬಂದವನು. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು. ಕಿಲ್ಡೇರ್ ಪಾಲು ಮತ್ತೆ ಏಳು ಚೂರು. ಐವತ್ತು ವರ್ಷ ಮಾರ್ಷಲ್ ಕೂಡಿಸಿದ್ದು ಒಂದೇ ಕಂತಿಗೆ ಹೋಯಿತು.

ತುಂಗಾತೀರ:
"ಹೋಯಿತು"? ಮಗಳ ಮನೆಗೆ ಬಂದರೆ ಹೋಯಿತಾ?

ಲೆಕ್ಕದಪುಸ್ತಕ:
ಅಯ್ಯೋ ದೇವರೇ.

ಕೋಟೆಕೊತ್ತಲ:
ಬೇರೆ ಹೆಸರಿದ್ದರೆ ಹೇಳಿ ಅಂತ ಕೇಳಿದ್ದೆ. ಇದುವರೆಗೂ ಒಬ್ಬರೂ ಒಂದು ಹೆಸರು ಹೇಳಿಲ್ಲ. ಅಂದರೆ ನನ್ನ ವಾದವೇ ನಿಂತಿತು ಅಂತ ತಿಳ್ಕೊಳ್ತೀನಿ.

ಖಾರಾಬಾತ್:
ಹ್ಯೂಬರ್ಟ್ ಡಿ ಬರ್ಗ್. ಡೋವರ್ ಕೋಟೆಯನ್ನು ಲೂಯಿಗೆ ಬಿಟ್ಟುಕೊಡದೆ 1216ರಿಂದ 1217ರವರೆಗೆ ಕಾದವನು. ಮಗ ಎದುರು ಪಾಳೆಯದಲ್ಲಿ ಇರಲಿಲ್ಲ. ಫಿಲಿಪ್ ಮುಂದೆ ಮಂಡಿಯೂರಲಿಲ್ಲ. ತಗೊಳ್ಳಿ ಹೆಸರು.

ಕೋಟೆಕೊತ್ತಲ:
ಹ್ಯೂಬರ್ಟ್!! ಅವನು ಮುಂದೆ ಅಧಿಕಾರದಲ್ಲಿ ಎಷ್ಟು ನುಂಗಿದ, 1232ರಲ್ಲಿ ಯಾಕೆ ಬಿದ್ದ ಅಂತ ಓದಿದ್ದೀರಾ? ಹೊಸ ಥ್ರೆಡ್ ಹಾಕ್ತೀನಿ, ಅಲ್ಲಿಗೆ ಬನ್ನಿ.